ಕಾಯಿಲೆಯವರು ಹೊರುವ ನೀರು

ಗುಡ್ಡವೊಂದರ ಮೈಮೇಲೆ ಆ ಊರಿತ್ತು. ಊರಿನ ಕಾಲ ಬುಡದಲ್ಲಿ ಹೊಳೆ, ಊರಿನ ನೆತ್ತಿಯ ಮೇಲೆ ಔಷಧಿಯ ತೋಟ. ನೀರು ಕೆಳಗೆ, ಗಿಡ ಮೇಲೆ. ಕೆಳಗಿನ ನೀರನ್ನು ಮೇಲಕ್ಕೆ ಹೊರಬೇಕು, ಮೇಲಿನ ಎಲೆಯನ್ನು ಕೆಳಕ್ಕೆ ತರಬೇಕು. ಹುಟ್ಟಿದವರೆಲ್ಲ ಈ ಹತ್ತುವುದು ಇಳಿಯುವುದರಲ್ಲೇ ಬೆಳೆದರು, ಈ ಹತ್ತುವುದು ಇಳಿಯುವುದರಲ್ಲೇ ಮುದುಕರಾದರು.

ಬೆಳಗಾದರೆ ಮನೆಗೊಬ್ಬರು ಕೊಡ ಹಿಡಿದು ಹೊಳೆಗೆ ಇಳಿಯುತ್ತಿದ್ದರು. ಮನೆಯಲ್ಲಿ ಕಾಯಿಲೆ ಇರಲಿ, ಇಲ್ಲದಿರಲಿ, ಮನೆಗೊಂದು ಕೊಡ. ಗುಡ್ಡದ ನಡುವಿನಲ್ಲಿ ಕೂಡುಕೊಳ ಎಂಬ ದೊಡ್ಡ ಕೊಳವಿತ್ತು. ಕೊಡದ ನೀರನ್ನು ಅದಕ್ಕೆ ಸುರಿದು, "ಇವತ್ತು ನಾನು ಹೊತ್ತೆ, ನಾಳೆ ಊರು ನನ್ನ ಹೊರಲಿ" ಎಂದು ಹೇಳಿ ಹಿಂದಿರುಗಬೇಕು. ಆ ಕೊಳದ ನೀರನ್ನೇ ತೋಟದ ಆಳುಗಳು ಮೇಲಕ್ಕೆ ಏರಿಸಿ ಗಿಡಗಳಿಗೆ ಉಣಿಸುತ್ತಿದ್ದರು.

ಆ ಊರಿಗೆ ಒಂದು ನೇಮವಿತ್ತು. ಕಾಯಿಲೆ ಬಿದ್ದವನು ಔಷಧಿ ಕೇಳಿದರೆ ಕೊಳದ ನೀರಷ್ಟೇ ಸಾಲದು, ಅವನ ಮನೆಯವರು ಬೇರೆಯಾಗಿ ನೀರು ಹೊರಬೇಕು. ಮೊದಲು ತೋಟದ ಬಾಗಿಲಲ್ಲಿರುವ ಕಲ್ಲುಬಾನಿಯನ್ನು ತುಂಬಬೇಕು. ಅದು ತುಂಬಿ ತುಳುಕುವವರೆಗೆ ಒಂದು ಎಲೆಯೂ ಇಲ್ಲ. ತುಂಬಿದ ಮೇಲೆ ಪ್ರತಿ ಸಲದ ಔಷಧಿಗೂ ಮತ್ತೆ ಹೊರೆ. ಆ ಹೊರೆ ಎಷ್ಟು ಎನ್ನುವುದನ್ನು ಮೆಟ್ಟಿಲು ಹೇಳುತ್ತಿತ್ತು. ತೋಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ, ಗಿಡಗಳನ್ನು ಕುಂಡಗಳಲ್ಲಿ ಇಟ್ಟಿದ್ದರು. ಕೆಳಗಿನ ಮೆಟ್ಟಿಲ ಗಿಡಕ್ಕೆ ಸಣ್ಣ ಹೊರೆ. ಮೇಲಕ್ಕೆ ಹೋದ ಹಾಗೆ ಹೊರೆ ಬೆಳೆಯುತ್ತಿತ್ತು. ತುತ್ತತುದಿಯ ಮೆಟ್ಟಿಲಿನ ಗಿಡಕ್ಕಂತೂ ಇಷ್ಟೇ ಎಂಬ ಅಳತೆಯೇ ಇರಲಿಲ್ಲ. ಆ ಗಿಡ ಎಷ್ಟು ಕುಡಿಯುತ್ತದೋ ಅದರಲ್ಲಿ ಒಂದು ಪಾಲನ್ನು ಕಾಯಿಲೆಯವರ ಮನೆಯವರೇ ಹೊರಬೇಕು. ಬಿಸಿಲು ಏರಿದರೆ ಗಿಡ ಹೆಚ್ಚು ಕುಡಿಯುತ್ತಿತ್ತು, ಹೊರೆಯೂ ಏರುತ್ತಿತ್ತು.

ಯಾವ ಕುಂಡ ಯಾವ ಮೆಟ್ಟಿಲ ಮೇಲೆ ಎಂದು ತೀರ್ಮಾನಿಸುವವರು ತೋಟದ ಹಿರಿಯರು. ವರ್ಷಕ್ಕೊಮ್ಮೆ, ಹೊಂಗೆ ಚಿಗುರಿದ ಹೊತ್ತಿನಲ್ಲಿ, ಊರೆಲ್ಲ ಸೇರಿರುವಾಗ ಅವರು ಕುಂಡಗಳನ್ನು ಎತ್ತಿ ಮೇಲಿನದನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಇಡುತ್ತಿದ್ದರು. ಅವತ್ತೇ ಬಾಗಿಲ ಬಾನಿಯ ಬಿರಟೆ ಕಿತ್ತು, ತುಂಬಿದವರು ಮತ್ತೆ ಮೊದಲಿನಿಂದ ತುಂಬಲಿ ಎಂದು ನೀರನ್ನೆಲ್ಲ ಹರಿಯಬಿಡುತ್ತಿದ್ದರು. ಹಿರಿಯರಲ್ಲಿ ಎಲ್ಲರಿಗಿಂತ ಹಿರಿಯಳನ್ನು ಮೆಟ್ಟಿಲಜ್ಜಿ ಎನ್ನುತ್ತಿದ್ದರು. ಅವಳೂ ಅವಳ ಜೊತೆಯವರೂ ಕಾಯಿಲೆಯವರ ಮುಖ ನೋಡುತ್ತಿರಲಿಲ್ಲ. ಮುಖ ನೋಡಿದರೆ ಮನಸ್ಸು ಒಂದು ಕಡೆಗೆ ವಾಲುತ್ತದೆ, ವಾಲಿದರೆ ನ್ಯಾಯ ಕೆಡುತ್ತದೆ ಎಂದು ಚಾಪೆಯ ಮರೆಯಲ್ಲಿ ಕೂತೇ ಮಾತಾಡುತ್ತಿದ್ದರು.

ಆ ಊರಲ್ಲಿ ಕಸುಬೇ ಹೆಸರು. ಹೊಳೆಯ ದಂಡೆಯಲ್ಲಿ ಒಬ್ಬಳು ಹಗ್ಗದವಳಿದ್ದಳು. ಕತ್ತಾಳೆಯ ನಾರನ್ನು ನೆನೆಹಾಕಿ, ಬಡಿದು, ತೊಡೆಯ ಮೇಲೆ ಹೊಸೆದು ಹಗ್ಗ ಮಾಡುವವಳು. ಅವಳ ಗಂಡ ಅಂಬಿಗ. ಹರಿಗೋಲು ಹಾಕಿ ಈ ದಡದವರನ್ನು ಆ ದಡಕ್ಕೆ ದಾಟಿಸುವವನು. ಮನೆಯಲ್ಲಿ ಅವರಿಬ್ಬರೇ. ಅವಳು ಹೊಸೆಯುತ್ತ ಕೂತಿದ್ದರೆ ಅವನು ಹೊಳೆಯ ನಡುವಿನಿಂದ ಕೂಗಿ ಏನಾದರೂ ಹೇಳುವನು. ಅರ್ಧ ಮಾತು ಗಾಳಿಗೆ ಹೋದರೂ ಅವಳಿಗೆ ಪೂರ್ತಿ ತಿಳಿಯುತ್ತಿತ್ತು.

ಒಂದು ದಿನ ಅವನು ದಡಕ್ಕೆ ಬಂದವನು ಹುಟ್ಟನ್ನು ಕೆಳಗಿಡಲೇ ಇಲ್ಲ.

"ಏನ್ರೀ, ಅದನ್ನ ಹಿಡ್ಕೊಂಡೇ ಊಟಕ್ಕೆ ಕೂರ್ತೀರಾ?" ಅಂದಳು.

"ಬಿಡೋಣ ಅಂತಲೇ ನೋಡ್ತಿದೀನಿ ಕಣೇ. ಬೆರಳು ನನ್ನ ಮಾತು ಕೇಳ್ತಿಲ್ಲ."

ಅವಳು ನಕ್ಕಳು. ಆಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸುವಾಗ ನಗು ನಿಂತಿತು. ಬೆರಳು ತಣ್ಣಗಿತ್ತು, ಹೊಳೆಯ ಗುಂಡುಗಲ್ಲಿನ ಹಾಗೆ ಗಟ್ಟಿಯಾಗಿತ್ತು. ಊರಿನವರಿಗೆ ಆ ಬೇನೆ ಗೊತ್ತಿತ್ತು. ಕಲ್ಲುಬೇನೆ. ಬೆರಳಿನಿಂದ ಶುರುವಾಗಿ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ, ಹಾಗೇ ಏರುತ್ತ ಎದೆಯ ಗೂಡಿಗೆ ಮುಟ್ಟಿದರೆ ಉಸಿರಾಡುವುದಕ್ಕೂ ಜಾಗವಿರುವುದಿಲ್ಲ.

ಗಂಡ ಹೆಂಡತಿ ಇಬ್ಬರೂ ಗುಡ್ಡ ಹತ್ತಿದರು. ಚಾಪೆಯ ಮರೆಯಿಂದ ಮೆಟ್ಟಿಲಜ್ಜಿಯ ದನಿ ಬಂತು. "ಯಾವ ಬೇನೆ?"

"ಕಲ್ಲುಬೇನೆ, ತಾಯಿ."

"ಕೆಳಗಿನದು ಮೊದಲು. ಕೆಳಗಿನದು ಸೋತರೆ ನಡುವಿನದು. ನಡುವಿನದು ಸೋತರೆ ಮೇಲಿನದು."

"ಇದಕ್ಕೆ ನೀಲಿ ಎಲೆಯೇ ಆಗಬೇಕು ಅಂತ ಎಲ್ಲರೂ ಹೇಳ್ತಾರಲ್ಲ ತಾಯಿ. ಅದು ತುದೀಲಿದೆ ಅಂತಲೂ ಗೊತ್ತು. ನಾನು ಹೊರ್ತೀನಿ."

"ಕೆಳಗಿನದು ಮೊದಲು," ಎಂದಿತು ದನಿ. ಅದರಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ.

ಹಗ್ಗದವಳು ಬಾನಿ ತುಂಬಿದಳು. ಅಂಬಿಗ ಕೆಳಗಿನ ಮೆಟ್ಟಿಲ ತೊಗಟೆಯ ಕಷಾಯ ಕುಡಿದ. ಬೇನೆ ಮಣಿಕಟ್ಟಿಗೆ ಬಂತು. ನಡುವಿನ ಮೆಟ್ಟಿಲ ಎಣ್ಣೆ ಹಚ್ಚಿಕೊಂಡ. ಬೇನೆ ಮೊಣಕೈಗೆ ಬಂತು. ಆಗ ಚಾಪೆಯ ಕೆಳಗಿನ ಸಂದಿಯಿಂದ ಒಂದು ಕೈ ಹೊರಬಂದು, ಅವನ ತೋಳನ್ನು ತಟ್ಟಿ ನೋಡಿತು. ಕಲ್ಲಿನ ಸದ್ದು ಕೇಳಿತು. "ಮೇಲಿನದು," ಎಂದಿತು ದನಿ.

ನೀಲಿ ಎಲೆ ನೋಡುವುದಕ್ಕೆ ಚೆಂದ, ಬಾಯಿಗಿಟ್ಟರೆ ಕಹಿ. ಎಂಥ ಕಹಿ ಎಂದರೆ ಜಗಿದವನ ಕಣ್ಣಲ್ಲಿ ನೀರು ಬಂದು, ಕಿವಿಯ ತುದಿಯವರೆಗೆ ನಡುಕ ಹೋಗುತ್ತಿತ್ತು. ಅಂಬಿಗ ಜಗಿದ. ಒಂದು ವಾರ ಕಳೆಯುವಷ್ಟರಲ್ಲಿ ಮೊಣಕೈ ಮಡಚಿತು. ಮತ್ತೊಂದಿಷ್ಟು ದಿನಕ್ಕೆ ಹೆಬ್ಬೆರಳು ಅಲುಗಿತು. ಒಂದು ಬೆಳಿಗ್ಗೆ ಅವನು ಹೆಂಡತಿಯ ಜಡೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಅವಳು "ಅಯ್ಯೋ" ಎಂದು ತಿರುಗಿ ನೋಡಿ, ಅವನ ಕೈ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು.

ಅವನು ಮತ್ತೆ ಹರಿಗೋಲು ಹತ್ತಿದ. ಅವಳು ಮತ್ತೆ ಮತ್ತೆ ಗುಡ್ಡ ಹತ್ತಿದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕೊಡ, ಸೊಂಟದ ಮೇಲೆ ಇನ್ನೊಂದು ಕೊಡ. ಹೊಳೆಯಿಂದ ತೋಟಕ್ಕೆ, ತೋಟದಿಂದ ಹೊಳೆಗೆ. ಹಗ್ಗ ಹೊಸೆಯುವುದು ಕಡಿಮೆಯಾಯಿತು. ನೆನೆಹಾಕಿದ ನಾರು ನೀರಲ್ಲೇ ಕೊಳೆಯಿತು. ಹೊಂಗೆ ಚಿಗುರಿತು, ಬಾನಿಯ ಬಿರಟೆ ಕಿತ್ತರು, ಅವಳು ತುಂಬಿದ ನೀರೆಲ್ಲ ಅವಳ ಕಣ್ಣೆದುರೇ ಇಳಿಜಾರಿನಲ್ಲಿ ಹರಿದು ಹೋಯಿತು. ಮತ್ತೆ ತುಂಬಿದಳು. ಅದರ ಬೆನ್ನಿಗೇ ಬಿರುಬಿಸಿಲು ಬಂತು. ತುದಿಯ ಮೆಟ್ಟಿಲಿನ ಗಿಡಕ್ಕೆ ಬಾಯಾರಿಕೆ ಹೆಚ್ಚಿತು. ಹಿಂದಿನ ಸಲ ಇದೇ ಎಲೆಗೆ ಇಷ್ಟು ಹೊರೆ ಇರಲಿಲ್ಲವಲ್ಲ ಎಂದು ಅವಳು ಕೇಳಿದರೆ, "ಗಿಡ ಕುಡಿದದ್ದರಲ್ಲಿ ನಿನ್ನ ಪಾಲು," ಎಂದಷ್ಟೇ ಉತ್ತರ ಬಂತು.

ಅಂಬಿಗ ಇದನ್ನೆಲ್ಲ ನೋಡುತ್ತಿದ್ದ. ಅವಳು ಮಲಗುವಾಗ ಮಗ್ಗುಲಾಗಲು ಒದ್ದಾಡುವುದನ್ನು ನೋಡಿದ. ಅವಳ ಹೆಗಲ ಚರ್ಮ ದಡ್ಡುಗಟ್ಟಿ ಕಪ್ಪಾದದ್ದನ್ನು ನೋಡಿದ. "ಸ್ವಲ್ಪ ಕೂತ್ಕೋ," ಎಂದರೆ ಅವಳು ಕೂರುತ್ತಿರಲಿಲ್ಲ. ಆಗ ಅವನು ತಾನೇ ಒಂದು ದಾರಿ ಹುಡುಕಿದ. ಎಲೆಯನ್ನು ಉಗುರಿನಿಂದ ನಡುವೆ ಸೀಳಿ ಅರ್ಧ ಜಗಿದು, ಅರ್ಧವನ್ನು ನಾಳೆಗೆ ಎತ್ತಿಟ್ಟ.

"ಎಲೆ ಮುಗೀತಾ? ಹೋಗಿ ಬರ್ಲಾ?" ಎಂದು ಅವಳು ಕೇಳಿದರೆ,

"ಇನ್ನೂ ಇದೆ ಕಣೇ. ಈ ಸಲ ದೊಡ್ಡ ಎಲೆ ಕೊಟ್ಟಿದಾರೆ," ಎನ್ನುತ್ತಿದ್ದ.

ಅವಳಿಗೆ ಅನುಮಾನ ಬರಲಿಲ್ಲವೆಂದಲ್ಲ. ಆದರೆ ಮೈ ಅಷ್ಟು ಸೋತಿತ್ತು, ಆ ಮಾತನ್ನು ನಂಬಬೇಕು ಅನ್ನಿಸಿತು. ನಂಬಿದಳು.

ಹೊಳೆಯಲ್ಲಿ ಹೊಸ ನೀರು ಬಂದ ದಿನ. ಹರಿಗೋಲಿನಲ್ಲಿ ಆ ದಡದಿಂದ ಬರುವ ಜನ, ಒಬ್ಬಳು ಬಸುರಿ, ಎರಡು ಆಡು. ಹಗ್ಗದವಳು ಈ ದಡದಲ್ಲಿ ನಾರು ಬಡಿಯುತ್ತಿದ್ದಳು. ನಡುಹೊಳೆಯಿಂದ ಗಂಡನ ಕೂಗು ಕೇಳಿತು. ಯಾವತ್ತೂ ಅರ್ಧ ಮಾತಿಗೇ ಪೂರ್ತಿ ತಿಳಿಯುತ್ತಿದ್ದ ಅವಳಿಗೆ ಅವತ್ತು ಮೊದಲ ಸಲ ತಿಳಿಯಲಿಲ್ಲ. ತಲೆ ಎತ್ತಿ ನೋಡಿದಳು. ಹರಿಗೋಲು ನಿಂತಲ್ಲೇ ಗಿರಗಿರನೆ ತಿರುಗುತ್ತಿತ್ತು. ಅಂಬಿಗ ಹುಟ್ಟು ಹಿಡಿದು ಕಲ್ಲಿನ ವಿಗ್ರಹದ ಹಾಗೆ ನಿಂತಿದ್ದ. ಕೈ ಹೆಗಲವರೆಗೂ ಬಿಗಿದುಹೋಗಿತ್ತು.

ಅವಳು ಹೊಸೆದಿಟ್ಟಿದ್ದ ಹಗ್ಗದ ಸುರುಳಿಯನ್ನು ಹೊತ್ತು ಸೊಂಟಮಟ್ಟದ ನೀರಿಗೆ ಇಳಿದಳು. ದಡದಲ್ಲಿದ್ದ ಕಲ್ಲುಕುಟಿಗ, ಹೆಬ್ಬಂಡೆಯಂಥ ಆಳು, ಓಡಿಬಂದು ಅವಳ ಕೈಯಿಂದ ಸುರುಳಿ ಕಿತ್ತುಕೊಂಡು ಬೀಸಿ ಎಸೆದ. ಮೊದಲನೆಯ ಸಲ ಹಗ್ಗ ನೀರಿಗೆ ಬಿತ್ತು. ಎರಡನೆಯ ಸಲ ಬಸುರಿ ಹಿಡಿದಳು. ದಡದವರೆಲ್ಲ ಸೇರಿ ಎಳೆದರು. ಒಂದು ಆಡು ಹೊಳೆಯ ಪಾಲಾಯಿತು, ಜನ ಉಳಿದರು. ಅಂಬಿಗನನ್ನು ಹುಟ್ಟಿನ ಸಮೇತ ಎತ್ತಿ ಇಳಿಸಬೇಕಾಯಿತು. ಅವನ ಬಾಯಿ ಮಾತ್ರ ಅಲುಗುತ್ತಿತ್ತು.

"ಎಲೆ ಅರ್ಧ ಮಾಡಿದ್ದೆ," ಅಂದ. "ನಿನ್ನ ಹೆಗಲು ನೋಡೋಕಾಗಲಿಲ್ಲ."

ಅವಳು ಅವನನ್ನು ಬೈಯಬೇಕೆಂದುಕೊಂಡಳು. ಬಾಯಿ ತೆರೆದರೆ ಅಳು ಬಂತು.

ಅವನನ್ನು ಆರೈಕೆಮನೆಗೆ ಹೊತ್ತುಕೊಂಡು ಹೋದರು. ಅದು ಕೂಡುಕೊಳದ ಮಗ್ಗುಲಲ್ಲಿದ್ದ ಉದ್ದನೆಯ ಮನೆ. ಪೂರ್ತಿ ಬಿದ್ದವರಿಗೆ ಅಲ್ಲಿ ಜಾಗ. ಕಲ್ಲುಬೇನೆ ಎದೆಯ ಹತ್ತಿರ ಬಂದವರನ್ನು ತೊಟ್ಟಿಗಳಲ್ಲಿ ಮಲಗಿಸಿ, ಹಗಲೆಲ್ಲ ಬಿಸಿನೀರು ಹೊಯ್ಯುತ್ತಿದ್ದರು. ನೀರು ತಣಿದರೆ ಚೆಲ್ಲಿ, ಹೊಸದು ಹೊಯ್ಯುತ್ತಿದ್ದರು. ಆ ನೀರು ಕೂಡುಕೊಳದಿಂದ ಬರುತ್ತಿತ್ತು, ಮನೆಯವರು ಹೊರಬೇಕಾಗಿರಲಿಲ್ಲ. ಬಿದ್ದವರಿಗೆ ಹೊರೆಯೂ ಇಲ್ಲ, ಎಲೆಯೂ ಇಲ್ಲ ಎಂಬುದೂ ಆ ಊರಿನ ನೇಮವೇ. ಹಗ್ಗದವಳು ತೊಟ್ಟಿಯ ಪಕ್ಕದಲ್ಲಿ ಕೂತಳು. ಎಷ್ಟೋ ಕಾಲದ ಮೇಲೆ ಅವಳ ತಲೆಯ ಮೇಲೆ ಕೊಡವಿರಲಿಲ್ಲ. ಆ ಹಗುರ ಅವಳಿಗೆ ಚುಚ್ಚಿತು.

ಮರುದಿನ ಬರಿಗೈಯಲ್ಲಿ ಗುಡ್ಡ ಹತ್ತಿ ಚಾಪೆಯ ಮುಂದೆ ನಿಂತಳು.

"ಅವರು ನಿಂತಿದ್ದಾಗ ನೀವು ಯಾರೂ ಒಂದು ಕೊಡ ಹೊರಲಿಲ್ಲ," ಅಂದಳು. "ಬಿದ್ದ ಮೇಲೆ ಕೊಳವನ್ನೇ ಹೊಯ್ತಿದೀರಿ. ಇದು ಯಾವ ನ್ಯಾಯ? ನಿಮಗೇನು, ಮರೆಯಲ್ಲಿ ಕೂತಿದೀರಿ. ನಿಮ್ಮ ಮನೇಲಿ ಯಾರೂ ಸತ್ತಿಲ್ಲ."

ಚಾಪೆಯ ಹಿಂದಿನಿಂದ ಮೆಟ್ಟಿಲಜ್ಜಿಯ ದನಿ ಬಂತು. ಈ ಸಲ ಅದು ಮುದುಕಿಯೊಬ್ಬಳ ದನಿಯಾಗಿತ್ತು.

"ನನ್ನ ತಮ್ಮ ಸತ್ತ, ಮಗಳೇ. ಆಗ ನೇಮ ಇರಲಿಲ್ಲ. ಕೇಳಿದವರಿಗೆಲ್ಲ ಎಲೆ. ನೆಗಡಿಗೂ ತುದಿಯ ಎಲೆ, ಬೇಸರಕ್ಕೂ ತುದಿಯ ಎಲೆ. ಒಂದು ಬೇಸಿಗೆ ಕೊಳ ಒಣಗಿತು. ತಳದ ಕೆಸರು ಬಿರುಕು ಬಿಟ್ಟಿತು. ಗಿಡಗಳು ನಿಂತಲ್ಲೇ ಸುಟ್ಟುಹೋದವು. ತಮ್ಮನಿಗೆ ಬೇಕಾದ ಗಿಡ ನನ್ನ ಕೈಯಲ್ಲೇ ಪುಡಿಯಾಯಿತು. ಹೊರದವನಿಗೆ ನೀರಿನ ಭಾರ ತಿಳಿಯೋದಿಲ್ಲ ಅಂತ ಆಮೇಲೆ ಈ ನೇಮ ಕಟ್ಟಿದೆವು. ನಾನೇ ಕಟ್ಟಿದೆ."

ಹಗ್ಗದವಳು ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಆ ಕೊಳ ಒಣಗಬಾರದು ತಾಯಿ," ಅಂದಳು ಕೊನೆಗೆ. "ಆದರೆ ಒಂದು ಸಲ ಬಂದು ನೋಡಿ. ಅಷ್ಟೇ ಕೇಳ್ತೀನಿ."

ಅವಳು ಎದ್ದು ಹೋದಳು.

ಮಳೆ, ಚಳಿ ಕಳೆದು ಬಿಸಿಲು ಶುರುವಾದಾಗ ಕೂಡುಕೊಳ ಇಳಿಯತೊಡಗಿತು. ಬೆಳಗಿನ ಕೊಡಗಳು ಎಂದಿನಂತೆಯೇ ಬರುತ್ತಿದ್ದವು, ಔಷಧಿ ಕೇಳುವವರು ಮೊದಲಿಗಿಂತ ಕಡಿಮೆಯೇ ಇದ್ದರು. ಆದರೂ ಕೊಳ ಇಳಿಯಿತು. ದಂಡೆಯ ಕಲ್ಲುಗಳ ಮೇಲೆ ಪಾಚಿಯ ಗೆರೆಗಳು ಒಂದರ ಕೆಳಗೊಂದು ಒಣಗಿದವು. ಹಿರಿಯರಲ್ಲಿ ಅಳತೆಗಾರ ಎಂಬುವನೊಬ್ಬನಿದ್ದ. ಸಣಕಲು ಆಳು, ನೀರಿಗೆ ಕೋಲು ಇಳಿಸಿ ಆಳ ನೋಡುವುದು ಅವನ ಕೆಲಸ. ಅವನು ಒದ್ದೆ ಕೋಲು ಹಿಡಿದು ಬಂದು, "ಹೊರೆ ಸಾಲುತ್ತಿಲ್ಲ. ಮೇಲಿನ ಮೆಟ್ಟಿಲ ಹೊರೆ ಇನ್ನೂ ಏರಿಸಬೇಕು," ಅಂದ.

ಮೆಟ್ಟಿಲಜ್ಜಿ ಆ ಒದ್ದೆ ಕೋಲನ್ನೇ ನೋಡುತ್ತ ಕೂತಳು. ಬೇಕೆನ್ನುವವರು ಕಡಿಮೆ, ನೀರೂ ಕಡಿಮೆ, ಇದು ಹೇಗೆ? ಮರುದಿನ ಅವಳು ಯಾವ ಹಿರಿಯರೂ ಮಾಡದ ಕೆಲಸ ಮಾಡಿದಳು. ಚಾಪೆಯನ್ನು ಪಕ್ಕಕ್ಕೆ ಸರಿಸಿ, ಊರುಗೋಲು ಹಿಡಿದು, ಕೊಳದ ನೀರು ಹರಿದುಹೋಗುವ ಕಾಲುವೆಯ ಗುಂಟ ನಡೆದಳು. ಕಾಲುವೆ ಅವಳನ್ನು ಆರೈಕೆಮನೆಯ ಬಾಗಿಲಿಗೆ ತಂದು ನಿಲ್ಲಿಸಿತು.

ಒಳಗೆ ಹಬೆ. ಹಬೆಯಲ್ಲಿ ಸಾಲಾಗಿ ತೊಟ್ಟಿಗಳು. ತೊಟ್ಟಿಗೊಬ್ಬರು ಮಲಗಿದ್ದರು. ಹಗ್ಗದವಳು ಗಂಡನ ಎದೆಗೆ ಬಿಸಿನೀರು ಹೊಯ್ಯುತ್ತಿದ್ದವಳು ತಿರುಗಿ ನೋಡಿದಳು. ಬಂದವಳು ಯಾರೆಂದು ಮುಖದಿಂದ ತಿಳಿಯಲಿಲ್ಲ, ಮಾತಾಡಿದಾಗ ದನಿಯಿಂದ ತಿಳಿಯಿತು.

"ಯಾಕಪ್ಪಾ, ಎಲೆ ತಿನ್ನಲಿಲ್ಲವಾ?" ಎಂದು ಮೆಟ್ಟಿಲಜ್ಜಿ ಅಂಬಿಗನನ್ನು ಕೇಳಿದಳು.

"ತಿಂದೆ ತಾಯಿ. ಅರ್ಧ."

"ಅರ್ಧ ಯಾಕೆ?"

ಅವನಿಗೆ ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ಕಣ್ಣನ್ನು ಮಾತ್ರ ಹೆಂಡತಿಯ ಕಡೆ ಹೊರಳಿಸಿದ. ಅಜ್ಜಿ ಅವಳ ಸೆರಗನ್ನು ಸರಿಸಿ ಹೆಗಲು ನೋಡಿದಳು. ದಡ್ಡುಗಟ್ಟಿದ ಆ ಚರ್ಮದ ಮೇಲೆ ಕೈಯಿಟ್ಟಳು.

ಆಮೇಲೆ ಪಕ್ಕದ ತೊಟ್ಟಿಗೆ ಹೋದಳು. "ನೀನು?"

"ದಿನ ಬಿಟ್ಟು ದಿನ ತಿಂತಿದ್ದೆ, ಅಜ್ಜಿ."

ಅದರಾಚೆಯ ತೊಟ್ಟಿ. "ನೀನು?"

"ಬಾನಿ ತುಂಬೋಕೇ ಆಗಲಿಲ್ಲ. ಮನೇಲಿ ನಾನೊಬ್ಬಳೇ. ಬಿಟ್ಟುಬಿಟ್ಟೆ."

ಹಾಗೇ ತೊಟ್ಟಿಯಿಂದ ತೊಟ್ಟಿಗೆ ನಡೆದಳು. ಅರ್ಧ ತಿಂದೆ, ಬಿಟ್ಟುಬಿಟ್ಟೆ, ಹೆಂಡತಿ ಸೋತಳು, ಮಗ ಸೋತ, ನಾನೇ ಸಾಕು ಅಂದೆ. ಕೊನೆಯ ತೊಟ್ಟಿ ಮುಟ್ಟುವ ಹೊತ್ತಿಗೆ ಅವಳ ಸೀರೆಯ ನೆರಿಗೆ ಹಬೆಗೆ ತೊಯ್ದು ಭಾರವಾಗಿತ್ತು. ಅಲ್ಲೇ ನೆಲದ ಮೇಲೆ ಕೂತು, ತಣಿದ ನೀರು ತೊಟ್ಟಿಯ ತೂಬಿನಿಂದ ಹರಿದು ಚರಂಡಿ ಸೇರುವುದನ್ನು ನೋಡಿದಳು. ಕಾಣೆಯಾದ ಕೊಳ ಅಲ್ಲಿತ್ತು.

"ತಮ್ಮನ ಹೆಸರಲ್ಲಿ ಕಟ್ಟಿದ ನೇಮ," ಎಂದಳು, ಯಾರಿಗೋ ಹೇಳುವಂತೆ. "ಎಷ್ಟು ತಮ್ಮಂದಿರನ್ನ ಇಲ್ಲಿ ತಂದು ಮಲಗಿಸಿತು."

ಹಗ್ಗದವಳು ಅವಳ ಕೈಗೆ ಒಂದು ಲೋಟ ಬಿಸಿನೀರು ಕೊಟ್ಟಳು. ಅಜ್ಜಿ ಕುಡಿದಳು.

ಹೊಂಗೆ ಮತ್ತೆ ಚಿಗುರಿತು. ಕುಂಡ ಇಡುವ ದಿನ ಊರೆಲ್ಲ ತೋಟದ ಬಾಗಿಲಲ್ಲಿ ನೆರೆಯಿತು. ಆ ವರ್ಷ ಚಾಪೆ ಇರಲಿಲ್ಲ. ಹಿರಿಯರು ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು. ಹಗ್ಗದವಳು ಗುಂಪಿನ ಅಂಚಿನಲ್ಲಿ ನಿಂತಿದ್ದಳು.

ಮೆಟ್ಟಿಲಜ್ಜಿ ನೀಲಿ ಗಿಡದ ಕುಂಡವನ್ನು ತುದಿಯಿಂದ ಎತ್ತಿದಳು. ಒಂದೊಂದೇ ಮೆಟ್ಟಿಲು ಇಳಿದಳು. ನಡುವಿನ ಮೆಟ್ಟಿಲು ದಾಟಿದಾಗ ಜನ ಗುಜುಗುಜು ಅಂದರು. ಅವಳು ನಿಲ್ಲಲಿಲ್ಲ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ಅದನ್ನು ಇಟ್ಟಳು.

"ಇದಿಲ್ಲದೆ ಬದುಕದವರಿಗೆ ಇದು ಇಲ್ಲಿ, ಹೊರೆಯಿಲ್ಲದೆ," ಅಂದಳು. "ತೊಗಟೆ, ಎಣ್ಣೆ ಅಂತ ಅವರನ್ನ ಕಾಯಿಸೋದೂ ಬೇಡ."

ಅಳತೆಗಾರ ಎದ್ದು ನಿಂತ. "ಅಮ್ಮಾ, ಹೊರೆ ತೆಗೆದರೆ ಊರೆಲ್ಲ ಬಂದು ಕೈಚಾಚುತ್ತೆ. ಹಿಂದೆ ಆದದ್ದನ್ನ ನೀವೇ ನೋಡಿದೀರಿ."

ಅಜ್ಜಿ ಒಂದು ಎಲೆ ಕಿತ್ತು ಅವನ ಕೈಗಿಟ್ಟಳು. "ಜಗಿ."

ಅವನು ಜಗಿದ. ಅವನ ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು, ಕಿವಿಯ ತುದಿ ನಡುಗಿತು. ಉಗುಳುವುದಕ್ಕೆ ಜಾಗ ಹುಡುಕುತ್ತ ಸುತ್ತ ನೋಡಿದ. ಜನ ಗೊಳ್ಳೆಂದು ನಕ್ಕರು. ಅವನೂ ಕಣ್ಣೊರೆಸಿಕೊಂಡು ನಕ್ಕುಬಿಟ್ಟ.

"ಶೋಕಿಗೆ ಇದನ್ನ ಯಾರು ತಿಂತಾರಪ್ಪಾ?" ಎಂದಳು ಅಜ್ಜಿ. "ನೆಗಡಿಯ ಎಲೆಗೆ ಹೊರೆ ಇರಲಿ. ಬೇಸರದ ಎಲೆಗೆ ಹೊರೆ ಇರಲಿ. ಬದುಕಿಸೋ ಎಲೆಗೆ ಬೇಡ."

"ಒಪ್ಪಿದೆ," ಅಂದ ಅಳತೆಗಾರ ಬಾಯಿ ಮುಕ್ಕಳಿಸಿ. "ಆದರೆ ಅವರು ಹೊರುತ್ತಿದ್ದ ನೀರು? ಅದನ್ನ ಯಾರಾದರೂ ಹೊರಲೇಬೇಕಲ್ಲ. ಗಿಡ ನ್ಯಾಯ ಕುಡಿದು ಬದುಕೋದಿಲ್ಲ."

ನಗು ನಿಂತಿತು. ಅವನ ಮಾತಿನಲ್ಲಿ ಹುರುಳಿತ್ತು. ಗುಂಪಿನಲ್ಲಿ ಕೆಲವರು ನೆಲ ನೋಡಿದರು. "ನಮ್ಮನೇಲಿ ಯಾರಿಗೂ ಬೇನೆಯಿಲ್ಲ. ನಾವ್ಯಾಕೆ ಹೆಚ್ಚು ಹೊರಬೇಕು?" ಎಂದು ಯಾರೋ ಹಿಂದಿನಿಂದ ಅಂದರು.

ಅಜ್ಜಿ ಹಗ್ಗದವಳನ್ನು ಮುಂದಕ್ಕೆ ಕರೆದಳು. "ಹೇಳು ಮಗಳೇ."

ಹಗ್ಗದವಳು ಬಂದು ನಿಂತಳು. ಅಷ್ಟು ಮುಖಗಳು ಒಟ್ಟಿಗೆ ತನ್ನ ಕಡೆ ನೋಡಿದ್ದು ಅವಳಿಗೆ ಹೊಸದು. ಏನು ಹೇಳುವುದು? ಕೊಡದ ಭಾರವನ್ನು ಮಾತಲ್ಲಿ ಹೇಳುವುದು ಹೇಗೆ? "ನನಗೆ ಹೇಳೋಕೆ ಬರಲ್ಲ," ಅಂದಳು. "ಅವರು ನನಗೋಸ್ಕರ ಅರ್ಧ ತಿಂದರು. ಅರ್ಧ ತಿಂದದ್ದಕ್ಕೆ ಹರಿಗೋಲು ತಿರುಗಿತು. ಅದರಲ್ಲಿದ್ದವರು ಯಾರಿಗೂ ಬೇನೆ ಇರಲಿಲ್ಲ." ಅಷ್ಟೇ ಹೇಳಿ, ಬಾಯಿಗೆ ಸೆರಗು ಹಿಡಿದು ಹಿಂದಕ್ಕೆ ಸರಿದಳು.

ಗುಂಪಿನಲ್ಲಿ ಎಳೆಗೂಸನ್ನು ಎತ್ತಿಕೊಂಡ ಒಬ್ಬಳು ಮುಂದೆ ಬಂದಳು. ಅವತ್ತು ಹಗ್ಗ ಹಿಡಿದ ಬಸುರಿ ಅವಳೇ. ಹಗ್ಗದವಳ ಪಕ್ಕದಲ್ಲಿ ಬಂದು ನಿಂತಳು, ಅಷ್ಟೆ.

ಕಲ್ಲುಕುಟಿಗ ಗಂಟಲು ಸರಿಮಾಡಿಕೊಂಡ. "ನಾವೆಲ್ಲ ಬೆಳಿಗ್ಗೆ ಕೊಡವನ್ನ ಕತ್ತಿನವರೆಗೆ ತುಂಬ್ತೀವಿ," ಅಂದ. "ತುಳುಕುತ್ತೆ ಅಂತ. ಬಾಯಿವರೆಗೆ ತುಂಬಿದರೆ ಏನು ಸಾಯ್ತೀವಾ? ಅಬ್ಬಬ್ಬಾ ಅಂದರೆ ಒಂದು ಬೊಗಸೆ ಹೆಚ್ಚಾದೀತು."

"ನಿನ್ನ ತೋಳಿದ್ದರೆ ನಾನೂ ಹೇಳ್ತಿದ್ದೆ," ಎಂದು ಹಿಂದಿನವನು ಗೊಣಗಿದ.

"ನಿನ್ನ ಬೊಗಸೆಯನ್ನೂ ನಾನೇ ಹೊರ್ತೀನಿ ಬಾರಯ್ಯ. ಆದರೆ ನಿನಗೆ ಬೇನೆ ಬಂದ ದಿನ ನನ್ನ ಮುಖ ನೋಡ್ಬೇಕು."

ಮತ್ತೆ ನಗು. ಒಂದಷ್ಟು ವಾದ, ಒಂದಷ್ಟು ಮುನಿಸು. ಕೆಲವರು ಒಪ್ಪದೆ ಎದ್ದು ಹೋದರು. ಉಳಿದವರು ಒಂದು ಮಾತಿಗೆ ಬಂದರು. ಮುಂದಿನ ಚಿಗುರಿನವರೆಗೆ ಹೀಗೆ ನಡೆಸಿ ನೋಡುವುದು. ಕೊಳ ಇಳಿದರೆ ಹಳೆಯ ನೇಮ. ಉಳಿದ ಔಷಧಿಗಳಿಗೂ ಒಂದು ಮಿತಿ ಇರಲಿ ಎಂದು, ಬಾಗಿಲ ಬಾನಿಯ ಒಳಮೈಗೆ ಅಳತೆಗಾರನೇ ಉಳಿಯಿಂದ ಒಂದು ಗೆರೆ ಕೊರೆದ. ಯಾವ ಮನೆಯವರೇ ಆಗಲಿ, ಅಷ್ಟು ತುಂಬಿದ ಮೇಲೆ ಆ ವರ್ಷ ಮತ್ತೆ ಹೊರುವ ಹಾಗಿಲ್ಲ. ಉಳಿದದ್ದು ಊರಿನ ಪಾಲು.

ಅವತ್ತೇ ಹಗ್ಗದವಳು ಮಡಿಲ ತುಂಬ ನೀಲಿ ಎಲೆ ತಂದು ಗಂಡನ ಬಾಯಿಗೆ ಇಟ್ಟಳು. ಇಡೀ ಎಲೆ. ಅವನು ಜಗಿಯುವವರೆಗೂ ದವಡೆಯನ್ನೇ ನೋಡುತ್ತ ಕೂತಳು.

"ಕಳ್ಳನ ಹಾಗೆ ಕಾಯ್ತಿದೀಯಲ್ಲೇ," ಅಂದ ಅವನು.

"ಕಳ್ಳನೇ ಅಲ್ವಾ ನೀವು? ನುಂಗಿ."

ಅಷ್ಟು ದೂರ ಏರಿದ ಬೇನೆ ಸುಲಭಕ್ಕೆ ಇಳಿಯಲಿಲ್ಲ. ಮಳೆ ಮುಗಿಯುವ ಹೊತ್ತಿಗೆ ಅವನು ತೊಟ್ಟಿಯಿಂದ ಎದ್ದು ಕೂತ. ಚಳಿಯಲ್ಲಿ ಗೋಡೆ ಹಿಡಿದು ನಡೆದ. ಎಡಗೈಯ ಕೊನೆಯ ಎರಡು ಬೆರಳು ಕಲ್ಲಾಗಿಯೇ ಉಳಿದವು. ಅವು ಮತ್ತೆ ಬರುವುದಿಲ್ಲ ಎಂದು ಅವನಿಗೂ ತಿಳಿಯಿತು, ಅವಳಿಗೂ ತಿಳಿಯಿತು. ಹರಿಗೋಲನ್ನು ಬೇರೊಬ್ಬನಿಗೆ ಕೊಟ್ಟರು. ಅದನ್ನು ಕೊಟ್ಟ ದಿನ ಅವನು ಊಟ ಮಾಡಲಿಲ್ಲ. ಅವಳು ಒತ್ತಾಯ ಮಾಡಲಿಲ್ಲ, ತಾನೂ ಊಟ ಮಾಡಲಿಲ್ಲ. ಕೆಲವು ದಿನ ಬಿಟ್ಟು ಅವನು ಅವಳ ಎದುರಿಗೆ ಕೂತು ನಾರಿನ ಇನ್ನೊಂದು ತುದಿ ಹಿಡಿದುಕೊಂಡ. ಅವಳು ಹೊಸೆದಳು, ಅವನು ಬಿಗಿಹಿಡಿದ. ಹಗ್ಗ ಮೊದಲಿಗಿಂತ ಗಟ್ಟಿಯಾಗಿ ಬಂತು.

ಆರೈಕೆಮನೆಯಲ್ಲಿ ಒಂದೊಂದೇ ತೊಟ್ಟಿ ಖಾಲಿಯಾಯಿತು. ಎಲ್ಲರೂ ಏಳಲಿಲ್ಲ. ದಿನ ಬಿಟ್ಟು ದಿನ ತಿನ್ನುತ್ತಿದ್ದವನು ತೀರಿಹೋದ, ಅವನಿಗೆ ಎಲೆ ತಡವಾಗಿ ಮುಟ್ಟಿತ್ತು. ಮೆಟ್ಟಿಲಜ್ಜಿ ಅವನ ಮನೆಗೆ ಹೋಗಿ ಅವನ ತಾಯಿಯ ಪಕ್ಕದಲ್ಲಿ ಕೂತು ಬಂದಳು. ಖಾಲಿ ತೊಟ್ಟಿಗಳಲ್ಲಿ ಹಬೆ ಏಳಲಿಲ್ಲ, ಚರಂಡಿಯಲ್ಲಿ ನೀರು ಹರಿಯಲಿಲ್ಲ.

ಮುಂದಿನ ಚಿಗುರಿನ ದಿನ ಅಳತೆಗಾರ ಎಲ್ಲರೆದುರು ಕೋಲನ್ನು ಕೊಳಕ್ಕೆ ಇಳಿಸಿದ. ಮೇಲೆತ್ತಿದ. ಮತ್ತೆ ಇಳಿಸಿದ.

"ಏನಪ್ಪಾ, ಹೇಳೋದಿಲ್ಲವಾ?" ಅಂದಳು ಅಜ್ಜಿ.

"ಕೋಲು ಗಿಡ್ಡವಾಯ್ತು, ಅಮ್ಮಾ," ಅಂದ ಅಳತೆಗಾರ. "ಉದ್ದನೆಯದು ತರಬೇಕು."

ಅದಾದ ಮೇಲೆ ಒಂದು ಬೆಳಿಗ್ಗೆ ಅಂಬಿಗ ತನ್ನ ಎಲೆಗಾಗಿ ತಾನೇ ಗುಡ್ಡ ಹತ್ತಿದ್ದ. ಕೆಳಗಿನ ಮೆಟ್ಟಿಲ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದಾಗ, ದಾರಿಯ ತಿರುವಿನಲ್ಲಿ ಒಬ್ಬಳು ಹೆಂಗಸು ಕಂಡಳು. ಹೊಳೆಯಾಚೆಯಿಂದ ಹೊಸದಾಗಿ ಬಂದು ಊರಲ್ಲಿ ನೆಲೆಸಿದ ಮದ್ದಳೆಯವಳು. ತಲೆಯ ಮೇಲೆ ಅವಳಿಗೆ ಮೀರಿದ ದೊಡ್ಡ ಕೊಡ. ನೀರು ತುಳುಕಿ ಮುಖ, ರವಿಕೆ ಎಲ್ಲ ತೊಯ್ದಿತ್ತು. ಕೊಡ ಹಿಡಿದ ಬಲಗೈಯ ಬೆರಳುಗಳು ಒಂದೂ ಮಡಚಿರಲಿಲ್ಲ. ನೆಟ್ಟಗೆ, ಬಿಳಿಚಿಕೊಂಡು ನಿಂತಿದ್ದವು.

"ಅಣ್ಣಾ, ಬಾನಿ ಎಲ್ಲಿ?" ಎಂದಳು ಏದುಸಿರು ಬಿಡುತ್ತ. "ಇದೇ ಬೇನೆ ಅಂದರು. ಎಷ್ಟು ಹೊರಬೇಕು ಅಂತ ಯಾರೂ ಸರಿಯಾಗಿ ಹೇಳ್ತಿಲ್ಲ. ಎಷ್ಟಾದರೂ ಹೊರ್ತೀನಿ. ಈ ಕೈಯಿಂದ ಮದ್ದಳೆ ಬಾರಿಸೋದು ಬಿಟ್ಟರೆ ನನಗೆ ಬೇರೇನೂ ಬರಲ್ಲ."

ಅಂಬಿಗ ಎದ್ದು ನಿಂತ. ಅವಳ ತಲೆಯ ಮೇಲಿನ ಕೊಡಕ್ಕೆ ಎರಡೂ ಕೈ ಹಾಕಿದ. ಮಡಚುವ ಬೆರಳುಗಳು ಅಂಚನ್ನು ಹಿಡಿದವು, ಮಡಚದ ಎರಡು ಬೆರಳು ಕೆಳಗಿನಿಂದ ಆನಿಕೆ ಕೊಟ್ಟವು. ತುಂಬಿದ ಕೊಡ ನಿಧಾನವಾಗಿ ಮೇಲೆದ್ದು, ಅವಳ ತಲೆಯಿಂದ ಬಿಡುಗಡೆಯಾಗಿ, ನೆಲಕ್ಕೆ ಇಳಿಯಿತು.

"ಇದು ಇಲ್ಲಿರಲಿ ತಂಗಿ," ಅಂದ. "ಮೊದಲು ಕೈ ತೋರಿಸು."